ಹಳತನ್ನು ಕಳೆಯದೆ ಹೊಸತು: ಮಂಡ್ಯ ಸೀಮೆಯಲ್ಲಿ ಪೂಜಾ ಪರಿಕರ ಮಾಡಿಸಿದ ಬಗೆ

ದೇವಸ್ಥಾನಕ್ಕೆ ಹೊಸ ವಾಹನ, ಹೊಸ ಪ್ರಭಾವಳಿ, ಚರ್ಚಿಗೆ ಹೊಸ ಬಲಿಪೀಠ ಮಾಡಿಸುವ ಮಾತೆದ್ದಾಗಲೆಲ್ಲ ಊರಿನಲ್ಲಿ ಎರಡು ಪಕ್ಷ ಹುಟ್ಟುತ್ತವೆ. ಹಿಂದಿನವರು ಮಾಡಿಸಿದ್ದನ್ನು ಮುಟ್ಟಲೇಬಾರದು ಎನ್ನುವವರು ಒಂದು ಕಡೆ. ಸವೆದದ್ದನ್ನು ತೆಗೆದುಹಾಕಿ ಹೊಳೆಯುವಂಥದ್ದನ್ನು ಇಡೋಣ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ತಮ್ಮದೇ ಸಂಪ್ರದಾಯ ಎನ್ನುತ್ತಾರೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಸುಮಾರು ಒಂಬೈನೂರು ವರ್ಷಗಳಿಂದ ಪೂಜಾ ಪರಿಕರಗಳನ್ನು ಮಾಡಿಸಿಕೊಂಡು ಬಂದ ಬಗೆಯನ್ನು ಒಟ್ಟಿಗೆ ಇಟ್ಟು ನೋಡಿದರೆ, ಈ ಎರಡೂ ನಿಲುವುಗಳಿಗೆ ಹೊರತಾದ ಮೂರನೆಯದೊಂದು ಕ್ರಮ ಕಾಣುತ್ತದೆ. ಇಲ್ಲಿ ಹೊಸತು ಮಾಡಿಸುವುದು ಎಂದೂ ನಿಂತಿರಲಿಲ್ಲ. ಆದರೆ ಅತಿ ಮನ್ನಣೆ ಪಡೆದ ಕೊಡುಗೆಗಳು ಹಳತರ ಜಾಗವನ್ನು ಕಿತ್ತುಕೊಂಡವಲ್ಲ. ಹಳತರ ಪಕ್ಕದಲ್ಲಿ ತಮಗೊಂದು ಕೆಲಸ, ತಮಗೊಂದು ದಿನ ಗೊತ್ತುಮಾಡಿಕೊಂಡು ನಿಂತವು.

ಮೊದಲ ಸಾಕ್ಷ್ಯ ಶಾಸನಗಳದ್ದು. ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಆವೃತ್ತಿಯಲ್ಲಿ 6ನೆಯ ಸಂಪುಟ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳ ಶಾಸನಗಳಿಗೆ ಮೀಸಲು. ನಾಗಮಂಗಲದವು 7ನೆಯ ಸಂಪುಟದಲ್ಲಿವೆ. ಹೊಯ್ಸಳರ ಕಾಲದ ದಾನಶಾಸನಗಳನ್ನು ಓದಿದವರಿಗೆ ಅಂಗಭೋಗ, ರಂಗಭೋಗ, ನಂದಾದೀವಿಗೆ, ಖಂಡಸ್ಫುಟಿತ ಜೀರ್ಣೋದ್ಧಾರ ಎಂಬ ಮಾತುಗಳು ಪರಿಚಿತ. ದೀಪ ಕೊಟ್ಟವನು ಎಣ್ಣೆಗೂ ದಾರಿ ಮಾಡಬೇಕು, ಗುಡಿ ಕಟ್ಟಿಸಿದವನು ಒಡಕು ಬಿರುಕುಗಳ ರಿಪೇರಿಗೂ ಗದ್ದೆ ಬಿಡಬೇಕು ಎಂಬುದು ಆ ಕಾಲದ ತಿಳಿವಳಿಕೆ. ದಾನಿಗಳೆಲ್ಲ ಅರಸರೇ ಆಗಿರಲಿಲ್ಲ. ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯ ಬ್ರಹ್ಮೇಶ್ವರ ದೇವಾಲಯವನ್ನು 1171ರಲ್ಲಿ ಕಟ್ಟಿಸಿದವಳು ಬಮ್ಮವ್ವೆ ನಾಯಕಿತಿ. ಅದೇ ತಾಲ್ಲೂಕಿನ ಗೋವಿಂದನಹಳ್ಳಿಯ ಪಂಚಲಿಂಗೇಶ್ವರದಲ್ಲಿ ರೂವಾರಿ ಮಲ್ಲಿತಮ್ಮನ ಹೆಸರು ಉಳಿದಿದೆ. ಮಾಡಿಸಿದವರ ಹೆಸರಿನಂತೆ ಮಾಡಿದವನ ಹೆಸರೂ ಉಳಿದ ಅಪರೂಪದ ಕಾಲ ಅದು. ನಮ್ಮ ವಾದಕ್ಕೆ ಬೇಕಾದದ್ದು ಇಷ್ಟು: ಕೊಡುಗೆ ಎಂದರೆ ವಸ್ತುವಷ್ಟೇ ಅಲ್ಲ, ಅದು ಯಾವ ಸೇವೆಗೆ, ಅದನ್ನು ಯಾರು ನೋಡಿಕೊಳ್ಳಬೇಕು, ಯಾವ ಹುಟ್ಟುವಳಿಯಿಂದ ಎಂಬ ಕಟ್ಟುಪಾಡೂ ಸೇರಿದ್ದು.

ಈ ಕ್ರಮ ಸ್ಪಷ್ಟವಾಗಿ ಕಾಣುವುದು ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ. ಚೆಲುವನಾರಾಯಣನಿಗೆ ಹೆಸರಾಂತ ಮುಡಿಗಳು ಮೂರು. ವೈರಮುಡಿಯ ಮೂಲವನ್ನು ಐತಿಹ್ಯ ಗರುಡನವರೆಗೆ ಒಯ್ಯುತ್ತದೆ. ರಾಜಮುಡಿ 1610ರಲ್ಲಿ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ರಾಜ ಒಡೆಯರ ಕೊಡುಗೆ. ಕೃಷ್ಣರಾಜಮುಡಿ ಮುಮ್ಮಡಿ ಕೃಷ್ಣರಾಜ ಒಡೆಯರದು. ವೈರಮುಡಿ ಇಂದಿಗೂ ಇರುವುದು ಮಂಡ್ಯದ ಖಜಾನೆಯಲ್ಲಿ. ಫಾಲ್ಗುಣದ ಉತ್ಸವದ ದಿನ ಪೊಲೀಸ್ ಕಾವಲಿನಲ್ಲಿ ಹೊರಟು, ದಾರಿಯುದ್ದಕ್ಕೂ ಹಳ್ಳಿಗಳ ಪೂಜೆ ಪಡೆದು ಬೆಟ್ಟ ಸೇರುತ್ತದೆ. ರಾತ್ರಿ ಗರುಡವಾಹನದ ಮೇಲೆ ಸ್ವಾಮಿ ಅದನ್ನು ಧರಿಸುತ್ತಾನೆ. ಆ ಮೆರವಣಿಗೆ ಮುಗಿದ ಮೇಲೆ ಅದನ್ನು ತೆಗೆದು ರಾಜಮುಡಿ ತೊಡಿಸುತ್ತಾರೆ. ಕೃಷ್ಣರಾಜಮುಡಿಗೆ ಬೇರೆಯೇ ಉತ್ಸವವಿದೆ. ಗದ್ದುಗೆಗೆ ಹೊಸಬನಾದ ಅರಸನಿಗೆ ತನ್ನ ಕಿರೀಟವೇ ಮೊದಲನೆಯದಾಗಲಿ ಎಂಬ ಆಸೆ ಇದ್ದಿರಬಹುದು. ಆದರೂ ರಾಜ ಒಡೆಯರ ಮುಡಿ ವೈರಮುಡಿಯ ನಂತರವೇ ಏರುತ್ತದೆ. ಎರಡು ಶತಮಾನ ಕಳೆದು ಬಂದ ಮುಮ್ಮಡಿಯವರೂ ಪೂರ್ವಿಕರ ಮುಡಿಯನ್ನು ಬದಿಗೆ ಸರಿಸಲಿಲ್ಲ. ಪಂಚಾಂಗದಲ್ಲಿ ಹೊಸ ಜಾಗ ಹುಡುಕಿದ್ದೇ ಇಲ್ಲಿನ ಜಾಣತನ.

ಶ್ರೀರಂಗಪಟ್ಟಣದಲ್ಲಿ ಆಳ್ವಿಕೆ ಬದಲಾದರೂ ಈ ರೀತಿ ಬದಲಾಗಲಿಲ್ಲ. ರಂಗನಾಥಸ್ವಾಮಿ ದೇವಾಲಯಕ್ಕೆ ಟಿಪ್ಪು ಸುಲ್ತಾನ ಏಳು ಬೆಳ್ಳಿ ಬಟ್ಟಲುಗಳನ್ನೂ ಬೆಳ್ಳಿಯ ಕರ್ಪೂರದಾರತಿಯೊಂದನ್ನೂ ಕೊಟ್ಟ. ಮೇಲುಕೋಟೆಯಲ್ಲೂ ಅವನ ಕೊಡುಗೆಯೆಂಬ ಬರಹವುಳ್ಳ ಚಿನ್ನ ಬೆಳ್ಳಿಯ ಪಾತ್ರೆಗಳಿವೆ. ಆರತಿ, ಬಟ್ಟಲು ಎಂದರೆ ದಿನನಿತ್ಯದ ಪೂಜೆಯಲ್ಲಿ ಕೈಗೆ ಸಿಗಬೇಕಾದ ಸಾಮಾನು. ಬೇರೆ ಮತದ ದೊರೆ ಕೊಟ್ಟದ್ದಾದರೂ ಅದು ಹೊಂದಿಕೊಂಡದ್ದು ಪೂಜೆಯ ಅಗತ್ಯಕ್ಕೆ. ಇದೇ ಊರಿನ ಗುಂಬಜ್‌ಗೆ ದಂತ ಕೂರಿಸಿದ ಬಾಗಿಲುಗಳನ್ನು ಕೊಟ್ಟವನು ಗವರ್ನರ್ ಜನರಲ್ ಡಾಲ್‌ಹೌಸಿ. ಟಿಪ್ಪುವನ್ನು 1799ರಲ್ಲಿ ಸೋಲಿಸಿದ ಕಂಪನಿಯ ಮುಖ್ಯಾಧಿಕಾರಿಯೇ ಅವನ ಸಮಾಧಿಗೆ ಬಾಗಿಲು ಮಾಡಿಸಿಕೊಟ್ಟಂತಾಯಿತು. ಕೊಡುಗೆಯ ಹಿಂದೆ ರಾಜಕೀಯ ಇರಲಿಲ್ಲವೆಂದಲ್ಲ. ಒಡವೆಗಳ ಸುತ್ತ ಜಗಳವೂ ಇತ್ತು. ಅಲಮೇಲಮ್ಮನ ಐತಿಹ್ಯ ಹುಟ್ಟಿದ್ದೇ ರಂಗನಾಯಕಿಗೆ ಮಂಗಳವಾರ ಶುಕ್ರವಾರ ತೊಡಿಸುತ್ತಿದ್ದ ಆಭರಣ ಯಾರ ಸ್ವತ್ತು ಎಂಬ ತಕರಾರಿನಿಂದ. ದೇವರ ಬಳಕೆಗೆ ಬಂದ ವಸ್ತುವಿನ ಒಡೆತನವನ್ನು ಮೊದಲೇ ಇತ್ಯರ್ಥ ಮಾಡದಿದ್ದರೆ ಏನಾಗುತ್ತದೆ ಎಂಬ ಎಚ್ಚರಿಕೆಯಾಗಿಯೂ ಆ ಕಥೆಯನ್ನು ಓದಬಹುದು.

ಮಾಡಿಸುವವರ ಆಚೆ ಮಾಡುವವರಿದ್ದಾರೆ. ನಾಗಮಂಗಲ ಪಂಚಲೋಹದ ಎರಕಕ್ಕೆ ಹೆಸರಾದ ಊರು. ಆ ಕೆಲಸ ವಿಶ್ವಕರ್ಮ ಮನೆತನಗಳದ್ದು. ಉತ್ಸವಮೂರ್ತಿಗೆ ಒಪ್ಪಿಗೆ ಕೊಟ್ಟರೆ ಮೊದಲು ಆಗುವುದು ಮೇಣದ ಬೊಂಬೆ. ಜೇನುಮೇಣಕ್ಕೆ ರಾಳ ಬೆರೆಸಿ, ತಾಲಮಾನದ ಲೆಕ್ಕದಲ್ಲಿ ಮುಖ, ಎದೆ, ಕಾಲುಗಳ ಅಳತೆ ಹಿಡಿದು ತಿದ್ದುತ್ತಾರೆ. ಅದರ ಮೇಲೆ ನುಣ್ಣನೆಯ ಮಣ್ಣು, ಆಮೇಲೆ ಒರಟು ಮಣ್ಣು ಮೆತ್ತಿ ನೆರಳಲ್ಲಿ ಒಣಗಿಸಿ ಬೆಂಕಿಗಿಟ್ಟರೆ ಮೇಣ ಕರಗಿ ಹರಿದುಹೋಗುತ್ತದೆ. ಅದು ಬಿಟ್ಟ ಜಾಗಕ್ಕೆ ಮೂಸೆಯಲ್ಲಿ ಕಾಯಿಸಿದ ಲೋಹ ಹೊಯ್ದು, ಆರಿದ ಮೇಲೆ ಅಚ್ಚನ್ನು ಒಡೆದು, ಅರ ಉಜ್ಜಿ ಉಳಿಯಲ್ಲಿ ಕೆತ್ತಿ ರೂಪ ಬಿಡಿಸುತ್ತಾರೆ. ಅಚ್ಚು ಒಡೆಯದೆ ಮೂರ್ತಿ ಹೊರಬರುವುದಿಲ್ಲ. ಹಾಗಾಗಿ ಅದೇ ಅಚ್ಚಿನಲ್ಲಿ ಇನ್ನೊಂದು ಎರೆಯಲಾಗದು. ಮೂರ್ತಿಯನ್ನು ವಾಹನಕ್ಕೆ ಬಿಗಿಯಲು ಪೀಠದಲ್ಲಿ ಬಳೆ ಎಲ್ಲಿರಬೇಕು, ಪ್ರಭಾವಳಿ ಕೂರುವ ಕಿವಿ ಎಷ್ಟು ದಪ್ಪವಿರಬೇಕು, ಹೊರುವವರ ಹೆಗಲಿಗೆ ಎಷ್ಟು ತೂಕ ತಡೆದೀತು ಎಂಬುದೆಲ್ಲ ಮೇಣದ ಹಂತದಲ್ಲೇ ತೀರ್ಮಾನವಾಗಬೇಕು. ಎಂದರೆ ಅರ್ಚಕ, ಹೊರುವವರು, ದಾನಿ ಮೂವರೂ ಮೊದಲೇ ಕೂತು ಮಾತಾಡಿರಬೇಕು. ಬಳಕೆಯನ್ನು ಮೊದಲು ಕೇಳುವ ಶಿಸ್ತು ಕಸುಬಿನೊಳಗೇ ಇದೆ.

ಚರ್ಚುಗಳ ಚರಿತ್ರೆಯೂ ಈ ಸೀಮೆಗೆ ಹೊರಗಿನದಲ್ಲ. ಜೆಸ್ಯೂಟ್ ಪಾದ್ರಿ ಲಿಯೊನಾರ್ಡೊ ಚಿನ್ನಮಿ 17ನೆಯ ಶತಮಾನದ ನಡುವಿನಲ್ಲೇ ಶ್ರೀರಂಗಪಟ್ಟಣಕ್ಕೆ ಬಂದಿದ್ದ. 1799ರ ನಂತರ ಮೈಸೂರು ಸೀಮೆಯಲ್ಲಿದ್ದು 1823ರಲ್ಲಿ ಫ್ರಾನ್ಸಿಗೆ ಮರಳಿದ ಅಬ್ಬೆ ದುಬ್ವಾನ ಹೆಸರಿನ ಚರ್ಚು ಗಂಜಾಂನಲ್ಲಿದೆ. ಆ ಕಾಲದ ಕ್ಯಾಥೋಲಿಕ್ ಪೂಜೆಯಲ್ಲಿ ಬಲಿಪೀಠ ಗೋಡೆಗೆ ಹೊಂದಿಕೊಂಡಿರುತ್ತಿತ್ತು, ಗುರುವಿನ ಬೆನ್ನು ಜನರ ಕಡೆಗಿರುತ್ತಿತ್ತು. ಆಂಗ್ಲಿಕನ್ನರಲ್ಲಿ ಬಲಿಪೀಠ ಮುಖ್ಯವಾದರೆ ಮೆಥಡಿಸ್ಟರಲ್ಲಿ ಪ್ರಸಂಗಪೀಠ ಎದ್ದು ಕಾಣುತ್ತಿತ್ತು. 1947ರ ಸೆಪ್ಟೆಂಬರ್ 27ರಂದು ಇವೆರಡೂ ಇತರ ಸಭೆಗಳೊಡನೆ ದಕ್ಷಿಣ ಭಾರತ ಸಭೆಯಾಗಿ ಒಂದಾದಾಗ ಯಾವ ಪೀಠ ನಡುವೆ ಬರಬೇಕು ಎಂಬ ಪ್ರಶ್ನೆ ತಾನಾಗಿ ಎದ್ದಿತು. 1950ರ ಕರ್ತನ ಭೋಜನದ ಕ್ರಮದಲ್ಲಿ ಬೋಧಕರು ಮೇಜಿನ ಹಿಂದೆ ನಿಂತು ಸಭೆಗೆ ಮುಖ ಮಾಡುವ ಪದ್ಧತಿಗೆ ಮನ್ನಣೆ ಸಿಕ್ಕಿತು. ಕ್ಯಾಥೋಲಿಕರಲ್ಲಿ ಇದು ವ್ಯಾಪಕವಾದದ್ದು 1962–65ರ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ. 1967ರಲ್ಲಿ ಬೆಂಗಳೂರಿನಲ್ಲಿ ಡಿ.ಎಸ್. ಅಮಲೋರ್ಪವದಾಸರ ಮುಂದಾಳತ್ವದಲ್ಲಿ ಶುರುವಾದ ಕ್ಯಾಥೋಲಿಕ್ ಆರಾಧನಾ ಕೇಂದ್ರ ಎಣ್ಣೆದೀಪ, ನೆಲದ ಮೇಲೆ ಕೂರುವುದು, ಆರತಿಗಳನ್ನು ಪೂಜೆಗೆ ತಂದಿತು. ಪೀಠದ ಎತ್ತರ, ದೀಪದ ಜಾಗ ಎಲ್ಲವೂ ಬದಲಾಗಲೇಬೇಕಾಯಿತು. ಹಾಗಿದ್ದರೂ ಎಷ್ಟೋ ಹಳೆಯ ಚರ್ಚುಗಳಲ್ಲಿ ಗೋಡೆಯ ಬಲಿಪೀಠವನ್ನು ಕೆಡವದೆ ಅದರ ಮುಂದೆ ಹೊಸ ಮೇಜು ಇಟ್ಟರು. ಮೇಲುಕೋಟೆಯ ಮುಡಿಗಳಿಗೆ ಹೊಂದಿದ ಸೂತ್ರವೇ ಇಲ್ಲೂ ನಡೆಯಿತು.

ಇದಕ್ಕೆ ಬರಬಹುದಾದ ಗಟ್ಟಿ ಆಕ್ಷೇಪವೊಂದಿದೆ: ಉಳಿದದ್ದಷ್ಟೇ ನಮ್ಮ ಕಣ್ಣಿಗೆ ಬೀಳುತ್ತದೆ, ಕರಗಿಸಿದ ಬೆಳ್ಳಿ, ಸೌದೆಯಾದ ವಾಹನ ಸಾಕ್ಷಿ ಹೇಳಲು ಬರುವುದಿಲ್ಲ. ಇದು ನಿಜ. ಹಿಂದಿನವರು ಏನನ್ನೂ ಕಳೆಯಲಿಲ್ಲ ಎಂದು ಯಾರೂ ಹೇಳಲಾರರು. ಆಗಮಗಳೇ ಭಿನ್ನವಾದ ವಿಗ್ರಹ ಪೂಜೆಗೆ ಸಲ್ಲದು ಎನ್ನುತ್ತವೆ. ಕಲ್ಲಿನದನ್ನು ನೀರಿಗೆ, ಮರದ್ದನ್ನು ಅಗ್ನಿಗೆ ಒಪ್ಪಿಸುವ ವಿಧಿ ಇದೆ. ಆದರೆ ಆ ವಿಧಿಗೂ ಮುಂಚೆ ವಿಗ್ರಹದ ಶಕ್ತಿಯನ್ನು ಬೇರೆಡೆಗೆ ಆವಾಹಿಸುವ ಕಳಾಕರ್ಷಣೆ ಆಗಬೇಕು, ತಾತ್ಕಾಲಿಕ ಗುಡಿಯಾದ ಬಾಲಾಲಯದಲ್ಲಿ ಪೂಜೆ ಮುಂದುವರಿಯಬೇಕು. ಬದಲಾವಣೆಗೆ ಶಾಸ್ತ್ರ ಬಾಗಿಲು ಮುಚ್ಚಿಲ್ಲ, ಕಾರಣ ಕೇಳುತ್ತದೆ. ಕೃಷ್ಣರಾಜಸಾಗರದ ನೀರು ನಿಂತಾಗ ಕನ್ನಂಬಾಡಿಯ ವೇಣುಗೋಪಾಲನನ್ನು ಹೊಸ ಕನ್ನಂಬಾಡಿಗೆ ಸಾಗಿಸಿದ್ದು, ಆಮೇಲೆ ಮುಳುಗಿದ ಗುಡಿಯ ಕಲ್ಲುಗಳನ್ನೂ ಮೇಲೆತ್ತಿ ಮರುಜೋಡಿಸಿದ್ದು ಅಂಥ ತಕ್ಕ ಕಾರಣಕ್ಕೆ. ದಾನಿಯ ಅಭಿರುಚಿ ಬದಲಾಯಿತು ಎಂಬುದು ಆ ಸಾಲಿನ ಕಾರಣವಲ್ಲ.

ಇನ್ನೊಂದು ಆಕ್ಷೇಪ ಹಣದ್ದು. ಸೇರಿಸುತ್ತಲೇ ಹೋದರೆ ಉಗ್ರಾಣ ತುಂಬುತ್ತದೆ, ಕಾವಲಿನ ಖರ್ಚು ಏರುತ್ತದೆ, ಅದೇ ದುಡ್ಡು ಶಾಲೆಗೋ ಆಸ್ಪತ್ರೆಗೋ ಹೋಗಬಾರದೇ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ಬೆಲೆಯಿದೆ. ಆದರೆ ಇದು ಹೊಡೆಯುವುದು ಬೇಡದ್ದನ್ನು ಮಾಡಿಸುವ ಚಟಕ್ಕೆ. ಕೆಲಸವಿಲ್ಲದ ವಸ್ತುವಿಗೆ ಹೊಯ್ಸಳರ ಕಾಲದ ಕಟ್ಟುಪಾಡಿನಲ್ಲೂ ಜಾಗವಿರಲಿಲ್ಲ. ಎಣ್ಣೆಗೆ ಗದ್ದೆ ಬಿಡಲಾರದವನು ನಂದಾದೀವಿಗೆ ಕೊಡುವುದು ಹೇಗೆ? ಆದ್ದರಿಂದ ಇಂದು ದೇವಸ್ಥಾನದ ಸಮಿತಿಯೋ ಚರ್ಚಿನ ಆಡಳಿತ ಮಂಡಳಿಯೋ ಹೊಸ ಪರಿಕರಕ್ಕೆ ಮುಂಗಡ ಕೊಡುವ ಮೊದಲು ಮೂರು ವಿಷಯ ಬರೆದಿಡಬೇಕು: ಇದು ಯಾವ ಸೇವೆಗೆ, ಹಳತು ಎಲ್ಲಿಗೆ ಹೋಗುತ್ತದೆ, ಮುಂದಿನ ರಿಪೇರಿ ಯಾರ ಲೆಕ್ಕದ್ದು. ಮಾಡಿದ ಕಸುಬುದಾರನ ಹೆಸರನ್ನು ಪೀಠದ ತಳದಲ್ಲಿ ಕೆತ್ತಿಸಿದರೆ ಗೋವಿಂದನಹಳ್ಳಿಯ ಮೇಲ್ಪಂಕ್ತಿಯನ್ನೂ ಪಾಲಿಸಿದಂತಾಗುತ್ತದೆ. ಈ ಮೂರಕ್ಕೆ ಉತ್ತರ ಸಿಗದ ಕೊಡುಗೆಯನ್ನು, ದಾನಿ ಎಷ್ಟೇ ದೊಡ್ಡವರಾಗಿರಲಿ, ಬೇಡವೆನ್ನುವ ಹಕ್ಕು ಸಮಿತಿಗಿರಬೇಕು. ಉತ್ತರ ಸಿಕ್ಕರೆ ಹೊಸತಕ್ಕೆ ಅಂಜಬೇಕಾದ ಕಾರಣವೇ ಇಲ್ಲ.