ಪಾದರಸದ ಉದ್ದದಿಂದ ಪಾಸ್ಕಲ್‌ವರೆಗೆ

ನಿರ್ದಿಷ್ಟ ವಿಸ್ತೀರ್ಣದ ಮೇಲೆ ಬೀಳುವ ಬಲವೇ ಒತ್ತಡವಾದರೂ, ಗಾಳಿಯ ಒತ್ತಡವನ್ನು ಮೊದಲು ಅಳೆದ ಹದಿನೇಳನೆಯ ಶತಮಾನದ ವಿದ್ವಾಂಸರು ಬಲವನ್ನಾಗಲಿ ವಿಸ್ತೀರ್ಣವನ್ನಾಗಲಿ ಲೆಕ್ಕಕ್ಕೆ ತಾರದೆ ಬರಿಯ ಉದ್ದವನ್ನು ಬರೆದಿಟ್ಟರು. ಇಟಲಿಯ ಟೊರಿಚೆಲ್ಲಿ 1644ರಲ್ಲಿ ವಿವರಿಸಿದ ಪ್ರಯೋಗದಲ್ಲಿ ಗಾಜಿನ ನಳಿಗೆಯೊಳಗಿನ ಪಾದರಸ ಎಷ್ಟು ಎತ್ತರಕ್ಕೆ ನಿಲ್ಲುತ್ತದೆಯೋ ಅದೇ ಒತ್ತಡದ ಅಳತೆಯಾಯಿತು.

ಹೀಗೆ ಉದ್ದವೇ ಒತ್ತಡದ ಹೆಸರಾದಾಗ ಊರೂರಿನ ಇಂಚಿನ ಗೊಂದಲವೂ ಅದರೊಳಗೆ ಸೇರಿಕೊಂಡಿತು. ಅದೇ ಕಾಲದ ವಿದ್ವಾಂಸ ಪಾಸ್ಕಲನ ಸೂಚನೆಯಂತೆ ಅವನ ಭಾವ ಪೆರಿಯೆ 1648ರ ಸೆಪ್ಟೆಂಬರ್ 19ರಂದು ಫ್ರಾನ್ಸಿನ ಕ್ಲೆರ್ಮೋಂ ಪಟ್ಟಣದಲ್ಲಿ 26 ಇಂಚು ಮೂರೂವರೆ ಗೆರೆ, ಪ್ಯುಯಿ ದ ದೋಮ್ ಬೆಟ್ಟದ ತುದಿಯಲ್ಲಿ 23 ಇಂಚು 2 ಗೆರೆ ಎಂದು ದಾಖಲಿಸಿದನು. ಗೆರೆಯೆಂದರೆ ಇಂಚಿನ ಹನ್ನೆರಡನೆಯ ಒಂದು ಪಾಲು. ಪ್ಯಾರಿಸಿನ ಇಂಚು ಸುಮಾರು 27.07 ಮಿಲಿಮೀಟರ್ ಆದ್ದರಿಂದ ಪಟ್ಟಣದ ಅಳತೆ 712 ಮಿಲಿಮೀಟರಿಗೆ, ಎಂದರೆ ಇಂದಿನ 949 ಹೆಕ್ಟೊಪಾಸ್ಕಲ್‌ಗೆ ಸಮ. ಅದನ್ನೇ 25.4 ಮಿಲಿಮೀಟರಿನ ಇಂಗ್ಲಿಷ್ ಇಂಚೆಂದು ಓದಿದರೆ 668 ಮಿಲಿಮೀಟರ್ ಮಾತ್ರ ಸಿಕ್ಕು, ಪಟ್ಟಣವು ಇರುವುದಕ್ಕಿಂತ ಅರ್ಧ ಕಿಲೋಮೀಟರಿನಷ್ಟು ಎತ್ತರದಲ್ಲಿದೆಯೆಂಬ ಲೆಕ್ಕ ಬರುತ್ತದೆ.

ಇಂಚಿನ ತೊಡಕು ಕೋಷ್ಟಕದಿಂದ ಬಗೆಹರಿಯುವಂಥದು. ಪಾದರಸದ ತೊಡಕು ಹಾಗಲ್ಲ. ಬಿಸಿಯಾದರೆ ಪಾದರಸ ಹಿಗ್ಗುವುದರಿಂದ, ಸೊನ್ನೆ ಡಿಗ್ರಿಯಲ್ಲಿ 760 ಮಿಲಿಮೀಟರ್ ಇರುವ ಕಂಬವು ಅದೇ ಒತ್ತಡದಲ್ಲಿ 25 ಡಿಗ್ರಿಗೆ ಮೂರು ಮಿಲಿಮೀಟರಿಗೂ ಹೆಚ್ಚು ಉದ್ದವಾಗುತ್ತದೆ. ಗುರುತ್ವವು ಸಮಭಾಜಕದಲ್ಲಿ ಧ್ರುವಕ್ಕಿಂತ ಕಡಿಮೆಯಿರುವುದರಿಂದ ಇನ್ನೂ ಒಂದು ತಿದ್ದುಪಡಿ ಬೇಕಾಗುತ್ತದೆ. ಈ ತಿದ್ದುಪಡಿಗಳ ಹೊರೆಯನ್ನು ಕಳಚಿ, 1954ರ ಅಂತರರಾಷ್ಟ್ರೀಯ ತೂಕ ಮತ್ತು ಅಳತೆ ಸಮ್ಮೇಳನವು ಪ್ರಮಾಣ ವಾಯುಮಂಡಲವೆಂಬ ಒತ್ತಡದ ಮಾನವನ್ನು ಪಾದರಸದಿಂದ ಬಿಡಿಸಿ ಒಂದು ನಿಗದಿತ ಸಂಖ್ಯೆಯಾಗಿಸಿತು. ಇಂದಿನ ಮಾನದಲ್ಲಿ ಅದು 1,01,325 ಪಾಸ್ಕಲ್. ಚದರ ಮೀಟರಿಗೆ ಒಂದು ನ್ಯೂಟನ್ ಬಲವೆಂಬ ಮಾನಕ್ಕೆ ಪಾಸ್ಕಲ್ ಎಂಬ ಹೆಸರು ಬಂದದ್ದು 1971ರಲ್ಲಿ. ಹವಾಮಾನ ತಜ್ಞರಾದರೋ ತಮ್ಮ ಮಿಲಿಬಾರನ್ನು ಬಿಟ್ಟು ಹೆಕ್ಟೊಪಾಸ್ಕಲ್ ಹಿಡಿದಾಗ ಒಂದಂಕಿಯನ್ನೂ ತಿದ್ದಬೇಕಾಗಲಿಲ್ಲ, ಏಕೆಂದರೆ ಎರಡೂ ನೂರು ಪಾಸ್ಕಲ್‌ಗೇ ಸಮ. ಈ ಒಗ್ಗುವಿಕೆ ಜಾಣತನದ್ದೇ.

ಯಂತ್ರಗಳ ಲೋಕ ಬೇರೆ ದಾರಿ ಹಿಡಿಯಿತು. ಉಗಿಯ ಬಾಯ್ಲರುಗಳ ಕಾಲದಿಂದ ಬಂದ ಪಿಎಸ್ಐ, ಎಂದರೆ ಚದರ ಇಂಚಿಗೆ ಇಷ್ಟು ಪೌಂಡ್ ಬಲವೆಂಬ ಮಾನ, ಕರ್ನಾಟಕದ ಪಂಕ್ಚರ್ ಅಂಗಡಿಗಳಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಅಲ್ಲಿನ ಗೇಜ್ ತೋರಿಸುವುದು ಹೊರಗಿನ ಗಾಳಿಗಿಂತ ಹೆಚ್ಚಿರುವ ಒತ್ತಡವನ್ನು ಮಾತ್ರ. ಸಮುದ್ರಮಟ್ಟದಲ್ಲಿ 30 ತುಂಬಿದ ಟೈರಿನೊಳಗೆ ನಿಜವಾಗಿ ಇರುವುದು ಸುಮಾರು 44.7 ಪಿಎಸ್ಐ, ಆದ್ದರಿಂದ ಬರಿಯ ಗುಣಾಕಾರದಿಂದ ಪರಿವರ್ತನೆ ಪೂರ್ಣವಾಗದು.

ಪಾದರಸದ ಭಾಷೆ ಬಹುಕಾಲ ಉಳಿದದ್ದು ವೈದ್ಯರಲ್ಲಿ. 1896ರಲ್ಲಿ ರೀವಾ-ರೋಚ್ಚಿ ರೂಪಿಸಿದ ರಕ್ತದೊತ್ತಡ ಮಾಪಕವು ಪಾದರಸದ್ದೇ ಆಗಿತ್ತು; ಪಾದರಸವೇ ಇಲ್ಲದ ಡಿಜಿಟಲ್ ಯಂತ್ರಗಳೂ ಇಂದು 120 ಎಂದರೆ ಆ ಕಂಬದ ಮಿಲಿಮೀಟರುಗಳನ್ನೇ ಹೇಳುತ್ತವೆ. ಪಾಸ್ಕಲ್ ಲೆಕ್ಕದಲ್ಲಿ ಅದು 16 ಕಿಲೋಪಾಸ್ಕಲ್ ಆಗುತ್ತದಾದರೂ, ಆ ಅಂಕಿಯನ್ನು ಕೇಳಿ ತನ್ನ ಬಿಪಿ ಸರಿಯಿದೆಯೆಂದು ಅರಿಯುವ ರೋಗಿ ನಮ್ಮಲ್ಲಿ ಸಿಗುವುದು ಕಷ್ಟ.