ಕಡಲಿನ ನಿಯಮ ಜೇಜುರಿಗೂ ಬರುತ್ತೆ

ಪುಣೆಯಲ್ಲಿರೋ ನಮ್ಮ ಕನ್ನಡದವರಿಗೆ ಜೇಜುರಿ ಅಂದ್ರೆ ಖಂಡೋಬಾ, ಅಂದರೆ ನಮ್ಮ ಮೈಲಾರಲಿಂಗ. ವೀಕೆಂಡ್‌ನಲ್ಲಿ ಹೋಗಿ, ಭಂಡಾರ ಎರಚಿ, ಮೆಟ್ಟಿಲಿಳಿದು ವಾಪಸ್ ಬರ್ತೀವಿ. ಅದೇ ಊರಲ್ಲಿ ಎಂಐಡಿಸಿ ಕೈಗಾರಿಕಾ ಪ್ರದೇಶವೂ ಇದೆ. ಇಂಥ ಒಳನಾಡಿನ ಕಡೆಯಿಂದ ರಫ್ತಿಗೆ ಹೋಗೋ ಪೇಂಟು, ದ್ರಾವಕದ ಡ್ರಮ್ಮುಗಳು ಕಂಟೇನರ್‌ನಲ್ಲಿ ನ್ಹಾವಾ ಶೇವಾ ಬಂದರು ಸೇರಿ ಹಡಗು ಹತ್ತುತ್ತವೆ. ಆ ಡ್ರಮ್ಮಿಗೆ ಲೇಬಲ್ ಹಚ್ಚುವವನಿಗೆ ಏನು ಗೊತ್ತಿರಬೇಕು? ಈ ಪ್ರಶ್ನೆಗೆ ಒಂದು ಇತಿಹಾಸ ಇದೆ.

1944ರ ಏಪ್ರಿಲ್ 14. ಮುಂಬೈನ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕಿನ್ ಅನ್ನೋ ಹಡಗು ನಿಂತಿತ್ತು. ಒಳಗೆ ಸುಮಾರು 1,400 ಟನ್ ಸ್ಫೋಟಕ. ಜೊತೆಗೆ ಕರಾಚಿಯಲ್ಲಿ ತುಂಬಿಸಿದ ಸಾವಿರಾರು ಬೇಲ್ ಹತ್ತಿ, ಎಣ್ಣೆ ಪೀಪಾಯಿಗಳು. ಅಪಾಯದ ಸರಕಿದೆ ಅಂತ ತೋರಿಸೋ ಕೆಂಪು ಬಾವುಟ ಹಾರಿಸಿರಲಿಲ್ಲ. ಮಧ್ಯಾಹ್ನ ಹತ್ತಿಗೆ ಬೆಂಕಿ ಬಿತ್ತು. ಹಡಗನ್ನು ಮುಳುಗಿಸೋದಾ, ಹೊರಗೆ ಎಳೆಯೋದಾ ಅಂತ ತೀರ್ಮಾನ ಆಗಲೇ ಇಲ್ಲ. ಸಂಜೆ ನಾಲ್ಕರ ಹೊತ್ತಿಗೆ ಮೊದಲ ಸ್ಫೋಟ, ಅರ್ಧ ಗಂಟೆಯೊಳಗೆ ಎರಡನೆಯದು. ಸತ್ತವರು 800ರಿಂದ 1,300 ಅನ್ನೋ ಅಂದಾಜಿದೆ. ಅವರಲ್ಲಿ 66 ಜನ ಅಗ್ನಿಶಾಮಕದವರು. ಪ್ರತಿವರ್ಷ ಏಪ್ರಿಲ್ 14ರಿಂದ ಅಗ್ನಿಶಾಮಕ ಸಪ್ತಾಹ ಆಚರಿಸೋದು ಅವರ ನೆನಪಿಗೇ.

ಸರಕಿನ ಪಟ್ಟಿ ಹಡಗಿನಲ್ಲಿತ್ತು. ಆದರೆ ಕಾಗದದಲ್ಲಿದ್ದ ಮಾಹಿತಿ, ಕೆಲಸ ಮಾಡೋ ಕೈಗಳಿಗೆ ಜ್ಞಾನವಾಗಿ ಇಳಿದಿರಲಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಡಾಕ್ಯುಮೆಂಟೇಶನ್ ಇತ್ತು, ಓದಿದವರಿರಲಿಲ್ಲ.

ಜಗತ್ತು ಇದಕ್ಕೆ ಉತ್ತರ ಕೊಟ್ಟಿದ್ದು ಬಹಳ ನಿಧಾನವಾಗಿ. ಅಪಾಯಕಾರಿ ಸರಕಿನ ಅಂತರರಾಷ್ಟ್ರೀಯ ಸಂಹಿತೆ, ಅಂದರೆ ಐಎಂಡಿಜಿ ಕೋಡ್, ಬಂದದ್ದು 1965ರಲ್ಲಿ. ಕಡ್ಡಾಯವಾಗಿದ್ದು 2004ರಲ್ಲಿ. ದಡದ ಮೇಲಿನ ಸಿಬ್ಬಂದಿಗೆ ತರಬೇತಿ ಕಡ್ಡಾಯವಾಗಿದ್ದು 2010ರ ಜನವರಿಯಿಂದ. ಯಾರಿಗೆಲ್ಲ? ಸರಕನ್ನು ವರ್ಗೀಕರಿಸುವವರು, ಪ್ಯಾಕ್ ಮಾಡುವವರು, ಲೇಬಲ್ ಹಚ್ಚುವವರು, ಕಂಟೇನರ್ ತುಂಬುವವರು, ಕಾಗದಪತ್ರ ಬರೆಯುವವರು. ಎಲ್ಲರಿಗೂ ಸಾಮಾನ್ಯ ತಿಳಿವಳಿಕೆ, ಜೊತೆಗೆ ಅವರವರ ಕೆಲಸಕ್ಕೆ ತಕ್ಕ ತರಬೇತಿ. ತರಬೇತಿ ಆಗದವನು, ಆದವನ ನೇರ ಉಸ್ತುವಾರಿಯಲ್ಲಷ್ಟೇ ಕೆಲಸ ಮಾಡಬಹುದು. ದಾಖಲೆ ಇಡೋದು ಮಾಲೀಕರ ಜವಾಬ್ದಾರಿ.

ಅಂದರೆ ಸಮುದ್ರ ಕಾಣದ ಜೇಜುರಿಯಲ್ಲೂ ಡ್ರಮ್ಮಿಗೆ ಲೇಬಲ್ ಹಚ್ಚೋ ಹುಡುಗ ಕಡಲಿನ ನಿಯಮದೊಳಗೇ ಇದ್ದಾನೆ. ಹಡಗಿನವರು ಕಂಟೇನರ್ ಬಿಚ್ಚಿ ನೋಡೋದಿಲ್ಲ, ಅವನ ಲೇಬಲ್ಲನ್ನೇ ನಂಬುತ್ತಾರೆ.

ಇದು ಹಳೇ ಕಥೆ ಅಂದ್ಕೋಬೇಡಿ. 2025ರ ಜೂನ್ 9ರಂದು ಕೇರಳದ ಕರಾವಳಿಯಾಚೆ ವಾನ್ ಹೈ 503 ಹಡಗಿಗೆ ಬೆಂಕಿ ಬಿತ್ತು. ಅದರಲ್ಲೂ ಅಪಾಯಕಾರಿ ಸರಕಿತ್ತು. 22 ಜನರಲ್ಲಿ 18 ಮಂದಿಯನ್ನು ನಮ್ಮ ಮಂಗಳೂರಿಗೆ ಕರೆತಂದರು. ನಾಲ್ವರು ಕಾಣೆಯಾದರು.

ಐಟಿಯಲ್ಲಿ ಕಡ್ಡಾಯ ಟ್ರೈನಿಂಗ್ ಅಂದ್ರೆ ನೆಕ್ಸ್ಟ್, ನೆಕ್ಸ್ಟ್ ಒತ್ತೋದು ಅನ್ನೋ ಜೋಕಿದೆ. ಬಂದರಿನ ಟ್ರೈನಿಂಗ್‌ನಲ್ಲಿ ಹಾಗೆ ಒತ್ತಿದರೆ, ಅದರ ಬೆಲೆ ತೆರೋದು ನಡುಗಡಲಿನಲ್ಲಿರೋ ಮತ್ಯಾರೋ.