ಶಿವನಸಮುದ್ರದ ತಂತಿಯೂ ಓಮನ ಲೆಕ್ಕವೂ



ಉಮ್ಮ್ ಸಲಾಲಿನ ನಮ್ಮ ಮನೆಗಳಿಗೆ ವಿದ್ಯುತ್ತು 240 ವೋಲ್ಟಿನಲ್ಲಿ ಬರುತ್ತದೆ. ನೀರು ಕಾಯಿಸುವ ಕೆಟಲು 10 ಆಂಪಿಯರ್ ಎಳೆದರೆ, ವೋಲ್ಟನ್ನು ಆಂಪಿಯರಿನಿಂದ ಭಾಗಿಸಲು ಅದರ ರೋಧ 24 ಓಮ್. ಗುಣಿಸಲು ಶಕ್ತಿ 2,400 ವ್ಯಾಟ್. ರೋಧದ ನಿಯಮವನ್ನು ಜರ್ಮನಿಯ ಓಮ್ 1827ರಲ್ಲಿ ಪ್ರಕಟಿಸಿದನು. (ವೈದ್ಯರಾದ ನಮಗೆ ವೋಲ್ಟೆಂದೊಡನೆ ರಕ್ತದೊತ್ತಡವೇ ನೆನಪಾಗುತ್ತದೆ!)

1902ರಲ್ಲಿ ಮೈಸೂರು ಸಂಸ್ಥಾನವು ಇದೇ ಲೆಕ್ಕವನ್ನು ನಂಬಿ, ಶಿವನಸಮುದ್ರದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಿತು. ತಂತಿಗೂ ರೋಧವುಂಟು, ಪ್ರವಾಹದ ವರ್ಗವನ್ನು ಆ ರೋಧದಿಂದ ಗುಣಿಸಿದಷ್ಟು ಶಕ್ತಿ ಶಾಖವಾಗಿ ಸೋರಿಹೋಗುತ್ತದೆ. ಮೂರು ಫೇಸುಗಳ ಜಟಿಲತೆಯನ್ನು ಬದಿಗಿಟ್ಟು ನೋಡೋಣ: 1,000 ಕಿಲೋವ್ಯಾಟನ್ನು 240 ವೋಲ್ಟಿನಲ್ಲಿ ಕಳುಹಿಸಲು 4,000ಕ್ಕೂ ಮಿಕ್ಕ ಆಂಪಿಯರ್ ಬೇಕು, 35,000 ವೋಲ್ಟಿನಲ್ಲಾದರೆ 29 ಸಾಕು. ಅದೇ ತಂತಿಯಲ್ಲಿ ನಷ್ಟವು ಸುಮಾರು 21,000ದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್ ಅವರ ಯೋಜನೆಯು ಸುಮಾರು 35,000 ವೋಲ್ಟನ್ನು ಆರಿಸಿದ್ದರ ಮರ್ಮವಿದು.

ಯೋಜನೆಗೆ ಬೆಂಬಲವಾಗಿ ನಿಂತ ದಿವಾನ್ ಶೇಷಾದ್ರಿ ಅಯ್ಯರ್ ಅವರು 1901ರಲ್ಲೇ ತೀರಿಕೊಂಡಿದ್ದರು. ಬ್ರಿಟಿಷ್ ಕಂಪನಿಗಳ ಗಣಿಗೆ ಮೊದಲು ಹರಿದ ವಿದ್ಯುತ್ತು ಬೆಂಗಳೂರಿನ ಬೀದಿಗಳನ್ನು ಬೆಳಗಿದ್ದು 1905ರಲ್ಲಿ. ಸಂಸ್ಥಾನದ ಬಹುಪಾಲು ಹಳ್ಳಿಗಳಲ್ಲಿ ಮಾತ್ರ ಇನ್ನೂ ದಶಕಗಳ ಕಾಲ ಎಣ್ಣೆಯ ಬುಡ್ಡಿಯೇ ಉರಿಯಿತು.